ಆರೂವರೆಯ ಬೀಗ

ಕಳೆದ ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಕೊತ್ತಗೆರೆಯ ನಮ್ಮ ಮನೆಯ ಜಗಲಿಯ ಮೇಲೆ ನಾನು ಪತ್ರಿಕೆ ಓದುತ್ತ ಕುಳಿತಿದ್ದೆ. ನನ್ನ ತಮ್ಮನ ಮೊಮ್ಮಗಳು ಬಂದು ನಾಲ್ಕು ಹಾಳೆಗಳನ್ನು ಮುಂದಿಟ್ಟು, "ತಾತ, ಇದಕ್ಕೊಂದು ರುಜು ಹಾಕ್ಕೊಡಿ. ನಾಳೆ ಕೊಡದಿದ್ರೆ ರೂಮು ಬೇರೆಯವರಿಗೆ ಹೋಗುತ್ತಂತೆ" ಎಂದಳು. ಆಕೆ ತುಮಕೂರಿನ ಒಂದು ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದಾಳೆ; ಕನ್ನಡವನ್ನೂ ಇತಿಹಾಸವನ್ನೂ ಓದುತ್ತಾಳೆ. ತಂದೆ ತೀರಿಕೊಂಡ ಮೇಲೆ ಪೋಷಕರ ಹೆಸರು ಬರೆಯುವ ಜಾಗದಲ್ಲಿ ನನ್ನ ಹೆಸರಿರುವುದರಿಂದ ರುಜುವೂ ನನ್ನದೇ ಆಗಬೇಕು. ಕನ್ನಡಕ ಸರಿಪಡಿಸಿಕೊಂಡು ಹಾಳೆಗಳನ್ನು ಓದಿದೆ. ಅವು ಆಕೆಯ ವಿದ್ಯಾರ್ಥಿನಿಲಯದ ನಿಯಮಗಳು, ಒಟ್ಟು ೩೧.

ಸಂಜೆ ಆರೂವರೆಯ ಒಳಗೆ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ನಿಲಯದೊಳಗೆ ಇರತಕ್ಕದ್ದು. ಆ ಬಳಿಕ ಗೇಟು ತೆರೆಯಲಾಗುವುದಿಲ್ಲ. ರಾತ್ರಿ ಒಂಬತ್ತಕ್ಕೆ ಮೊಬೈಲುಗಳನ್ನು ವಾರ್ಡನ್ನರ ಕೊಠಡಿಯಲ್ಲಿ ಒಪ್ಪಿಸತಕ್ಕದ್ದು. ಊರಿಗೆ ಹೋಗಬೇಕಾದರೆ ಪೋಷಕರ ಪತ್ರವಿರತಕ್ಕದ್ದು. ಉಡುಪು ಸಭ್ಯವಾಗಿರತಕ್ಕದ್ದು, ಸಭ್ಯವೆಂದರೇನೆಂಬುದನ್ನು ವಾರ್ಡನ್ನರು ತೀರ್ಮಾನಿಸುವರು. ಊಟದ ವಿಷಯದಲ್ಲಿ ಗುಂಪುಗೂಡಿ ದೂರು ಕೊಡತಕ್ಕದ್ದಲ್ಲ. ಕೊನೆಯದಾಗಿ, ಎಲ್ಲ ವಿಷಯಗಳಲ್ಲಿಯೂ ಆಡಳಿತ ವರ್ಗದ ತೀರ್ಮಾನವೇ ಅಂತಿಮ.

"ನಿಮ್ಮ ಕಾಲೇಜಿನ ಹುಡುಗರ ಹಾಸ್ಟೆಲಿಗೂ ಇದೇ ಹೊತ್ತೇನಮ್ಮ?" ಎಂದು ಕೇಳಿದೆ.

"ಅವರಿಗೆ ಒಂಬತ್ತೂವರೆ ತಾತ. ಅದೂ ಹೇಳೋಕಷ್ಟೆ" ಎಂದು ನಕ್ಕಳು.

ಆಕೆ ನಕ್ಕಳು, ನನಗೆ ನಗು ಬರಲಿಲ್ಲ. ಕಾರಣವನ್ನು ಮುಚ್ಚಿಡದೆ ಹೇಳಬೇಕು. ಆ ಹಾಳೆಗಳ ಒಕ್ಕಣೆ ನನಗೆ ಅಪರಿಚಿತವಾಗಿರಲಿಲ್ಲ. ಸರ್ಕಾರಿ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನಾನು ಹನ್ನೊಂದು ವರ್ಷ ಹುಡುಗರ ಹಾಸ್ಟೆಲಿಗೆ ವಾರ್ಡನ್ನನೂ ಆಗಿದ್ದೆ. ಇಂಥ 'ತಕ್ಕದ್ದು'ಗಳನ್ನೂ 'ತಕ್ಕದ್ದಲ್ಲ'ಗಳನ್ನೂ ನಾನೇ ಬರೆದು, ಸೈಕ್ಲೋಸ್ಟೈಲ್ ಮಾಡಿಸಿ, ಗೋಡೆಗೆ ಅಂಟಿಸಿದವನು. ಆದುದರಿಂದ ಈ ಲೇಖನವನ್ನು ಹೊರಗಿನವನೊಬ್ಬನ ಆಕ್ಷೇಪಣೆ ಎಂದು ಯಾರೂ ತಳ್ಳಿಹಾಕುವಂತಿಲ್ಲ. ಅಪರಾಧ ಮಾಡಿದವನೇ ಸಾಕ್ಷಿ ಹೇಳುತ್ತಿದ್ದಾನೆ.

ಮೊದಲು ಒಂದು ಮಾತು. ನಾನು ವಿದ್ಯಾರ್ಥಿನಿಲಯಗಳ ವೈರಿಯಲ್ಲ. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ನಾಲ್ಕಕ್ಷರ ಕಲಿತ ಯಾವನೂ ಹಾಗಿರಲಾರ. ೧೯೬೭ರಲ್ಲಿ ನಾನು ತುಮಕೂರಿಗೆ ಓದಲು ಹೊರಟಾಗ ನನ್ನ ತಂದೆಯವರು ಒಂದು ತಗಡಿನ ಟ್ರಂಕನ್ನೂ ಒಂದು ಮೂಟೆ ರಾಗಿಯನ್ನೂ ಬಸ್ಸಿನ ಮೇಲೆ ಹಾಕಿಸಿದರು. ಹಾಸ್ಟೆಲ್ ಇಲ್ಲದಿದ್ದರೆ ನನ್ನ ಓದು ಕೊತ್ತಗೆರೆಯ ಕೆರೆ ಏರಿಯ ಮೇಲೆಯೇ ಮುಗಿಯುತ್ತಿತ್ತು. ಬೆಳಿಗ್ಗೆ ಮುದ್ದೆ, ರಾತ್ರಿ ಮುದ್ದೆ, ಸೊಪ್ಪಿನ ಸಾರು, ಹಬ್ಬಕ್ಕೊಮ್ಮೆ ಪಾಯಸ. ಇಷ್ಟರ ಮೇಲೆ ನಮ್ಮ ತಲೆಮಾರು ಪದವಿ ಪಡೆಯಿತು. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ೧೯೪೧ರಿಂದ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು, ೨೦೧೯ರಲ್ಲಿ ೧೧೧ನೆಯ ವಯಸ್ಸಿನಲ್ಲಿ ಕಣ್ಮುಚ್ಚುವವರೆಗೂ, ಜಾತಿ ಮತ ಕೇಳದೆ ಸಾವಿರಾರು ಬಡ ಮಕ್ಕಳಿಗೆ ಅನ್ನವನ್ನೂ ಸೂರನ್ನೂ ಅಕ್ಷರವನ್ನೂ ಕೊಟ್ಟರು. ಅಲ್ಲಿಯೂ ಶಿಸ್ತುಂಟು: ನಸುಕಿನಲ್ಲಿ ಏಳಬೇಕು, ಪ್ರಾರ್ಥನೆಗೆ ಕೂರಬೇಕು, ಅಂಗಳ ಗುಡಿಸಬೇಕು. ಸಾವಿರಾರು ಎಳೆಯ ಹುಡುಗರು ಒಂದು ಕಡೆ ಉಣ್ಣುವಾಗ ಗಂಟೆ ಹೊಡೆಯಲೇಬೇಕು. ಅದನ್ನು ಅಲ್ಲಗಳೆಯುವವನು ಹಾಸ್ಟೆಲಿನಲ್ಲಿ ಇದ್ದವನಲ್ಲ.

ಹಾಸ್ಟೆಲು ಅನ್ನ ಕೊಟ್ಟದ್ದು ಮಾತ್ರವಲ್ಲ, ಮಾತನ್ನೂ ಕೊಟ್ಟಿತು. ನಮ್ಮ ನೆರೆಯ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯನವರು ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿದವರು. ಅವರ ಆತ್ಮಕಥೆ 'ಊರುಕೇರಿ'ಯಲ್ಲಿ ಆ ಹಾಸ್ಟೆಲಿನ ದಿನಗಳೂ ಇವೆ. ೧೯೭೩ರ ಬೂಸಾ ಪ್ರಕರಣದ ಕಾಲದಲ್ಲಿ ದಲಿತ ವಿದ್ಯಾರ್ಥಿಗಳು ಸಂಘಟಿತರಾಗಿ ಎದ್ದು ನಿಂತರಷ್ಟೆ. ಅವರಲ್ಲಿ ಬಹಳ ಮಂದಿ ಹಾಸ್ಟೆಲುಗಳಲ್ಲಿ ಇದ್ದವರು. ಒಂದೇ ಬಗೆಯ ಅವಮಾನ ಉಂಡವರು ಒಂದೇ ಸೂರಿನ ಕೆಳಗೆ ಮಲಗಿ, ರಾತ್ರಿಯೆಲ್ಲ ಮಾತಾಡಿ, ಬೆಳಿಗ್ಗೆ ಬೇರೆ ಮನುಷ್ಯರಾಗಿ ಏಳುವುದು ಅಲ್ಲಿ ಸಾಧ್ಯವಾಗಿತ್ತು. ಪಠ್ಯಪುಸ್ತಕದ ಓದನ್ನು ಮನೆಯಲ್ಲಿದ್ದರೂ ಓದಬಹುದು. ಮನೆಯಲ್ಲಿ ಸಿಕ್ಕದೆ ಹಾಸ್ಟೆಲಿನಲ್ಲಿ ಸಿಕ್ಕುವುದು ಸಂಜೆಯ ಹೊತ್ತು, ಗೆಳೆತನ, ಚರ್ಚೆ, ಊರಿನ ಕಣ್ಣು ತಪ್ಪಿಸಿದ ಒಂದಿಷ್ಟು ಏಕಾಂತ. ಈ ಸಂಜೆಯ ಹೊತ್ತಿನ ಮೇಲೆಯೇ ಬೀಗ ಬಿದ್ದಿದೆ, ಅದೂ ಹೆಣ್ಣುಮಕ್ಕಳ ಸಂಜೆಯ ಮೇಲೆ. ನನ್ನ ತಕರಾರು ಇದು.

ನಿಯಮಗಳಲ್ಲಿ ಎರಡು ಜಾತಿ. ಒಬ್ಬನಿಂದ ಇನ್ನೊಬ್ಬನಿಗೆ ತೊಂದರೆಯಾಗದಂತೆ ತಡೆಯುವುದು ಒಂದು ಜಾತಿ. ಹತ್ತು ಗಂಟೆಯ ಮೇಲೆ ಗದ್ದಲ ಬೇಡ, ಕೋಣೆಯಲ್ಲಿ ಒಲೆ ಹಚ್ಚಬೇಡ, ಕಿರಿಯರನ್ನು ಪೀಡಿಸಬೇಡ. ಈ ಕೊನೆಯದಕ್ಕೆ ದೇಶ ರಕ್ತದ ಬೆಲೆ ತೆತ್ತಿದೆ. ೨೦೦೯ರಲ್ಲಿ ಹಿಮಾಚಲ ಪ್ರದೇಶದ ವೈದ್ಯ ವಿದ್ಯಾರ್ಥಿಯೊಬ್ಬ ಹಿರಿಯರ ಹೊಡೆತಕ್ಕೆ ಸತ್ತ ಮೇಲೆ, ಅದೇ ವರ್ಷ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ರ‍್ಯಾಗಿಂಗ್ ವಿರುದ್ಧ ಕಟ್ಟುನಿಟ್ಟಿನ ನಿಯಮಾವಳಿ ಹೊರಡಿಸಿತು. ಇಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ಪೋಷಕನೂ ಅದಕ್ಕಾಗಿ ಪ್ರಮಾಣಪತ್ರ ಬರೆದುಕೊಡಬೇಕು. ಅಂಥ ನಿಯಮಕ್ಕೆ ನನ್ನ ಎರಡು ಕೈಯ ರುಜು ಉಂಟು.

ಇನ್ನೊಂದು ಜಾತಿಯ ನಿಯಮ ಯಾರಿಂದಲೂ ಯಾರನ್ನೂ ಕಾಪಾಡುವುದಿಲ್ಲ. ವಾರ್ಡನ್ನನ ನಿದ್ದೆಯನ್ನೂ ಆಡಳಿತ ವರ್ಗದ ಮರ್ಯಾದೆಯನ್ನೂ ಕಾಪಾಡುತ್ತದೆ, ಅಷ್ಟೆ. ಗುಂಪುಗೂಡಿ ದೂರು ಕೊಡಬಾರದೆಂಬ ನಿಯಮದಿಂದ ಯಾವ ಹುಡುಗಿಗೆ ಕ್ಷೇಮ? ಸಾರಿನಲ್ಲಿ ಹುಳು ಬಿದ್ದರೆ ಒಬ್ಬೊಬ್ಬಳೇ ಬಂದು ಹೇಳಬೇಕಂತೆ. ಏಕೆಂದರೆ ಒಬ್ಬಳನ್ನು ಗದರಿಸಿ ಕಳಿಸುವುದು ಸುಲಭ. ನಲವತ್ತು ಮಂದಿಯನ್ನು ಗದರಿಸುವುದು ಕಷ್ಟ. ವಾರ್ಡನ್ನನಾಗಿದ್ದವನು ಹೇಳುತ್ತಿದ್ದೇನೆ, ನಂಬಿ: ಆ ನಿಯಮದ ಹುಟ್ಟು ಅದೇ.

ಈಗ ಆರೂವರೆಯ ಬೀಗಕ್ಕೆ ಬರೋಣ. ಕಾಲೇಜಿನ ಪಾಠ ಮುಗಿಯುವುದು ನಾಲ್ಕೂವರೆಗೆ. ಆಮೇಲೆ ಉಳಿಯುವುದು ಎರಡು ಗಂಟೆ. ಅದರಲ್ಲಿ ನಡೆದು ಬರಬೇಕು, ಸೋಪು ಪೇಸ್ಟು ಕೊಳ್ಳಬೇಕು, ಜೆರಾಕ್ಸ್ ಮಾಡಿಸಬೇಕು. ಗ್ರಂಥಾಲಯಕ್ಕೆ ಹೋಗಿ ಒಂದು ಪುಸ್ತಕ ತೆಗೆದು ಮೂವತ್ತು ಪುಟ ಓದುವಷ್ಟರಲ್ಲಿ ಎದ್ದು ಓಡಬೇಕು. ಅದೇ ತರಗತಿಯ ಹುಡುಗ ಅದೇ ಬೆಂಚಿನಲ್ಲಿ ದೀಪ ಆರಿಸುವವರೆಗೂ ಕೂರುತ್ತಾನೆ. ಸ್ಪರ್ಧಾ ಪರೀಕ್ಷೆಯ ತರಬೇತಿ ಸಂಜೆ ಆರರ ಮೇಲೆ, ಅದು ಅವನಿಗೆ. ಉಪನ್ಯಾಸ, ಕವಿಗೋಷ್ಠಿ ಸಂಜೆ ಆರರ ಮೇಲೆ; ಅದೂ ಅವನಿಗೆ. ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ಇಬ್ಬರಿಗೂ ಒಂದೇ. ಹುಡುಗಿ ಮುಂದೆ ಬಂದರೆ ಅವಳು ಜಾಣೆ. ಹಿಂದೆ ಬಿದ್ದರೆ, ಹೆಣ್ಣುಮಕ್ಕಳಿಗೆ ಹೊರಗಿನ ಜ್ಞಾನ ಕಡಮೆ ಎಂದು ನಾವೇ ತಲೆಯಾಡಿಸುತ್ತೇವೆ.

ನಾಟಕದ ಮಾತು ಇನ್ನೂ ವಿಚಿತ್ರ. ಪಕ್ಕದ ತಾಲ್ಲೂಕು ಗುಬ್ಬಿ. ೧೮೮೪ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕೈಯಲ್ಲಿ ಕನ್ನಡ ನಾಡಿಗೆ ನಾಡನ್ನೇ ರಂಗದ ಮುಂದೆ ಕೂರಿಸಿತು. ಮರ್ಯಾದಸ್ಥರ ಮನೆಯವರು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಬಿ. ಜಯಮ್ಮ, ಮಳವಳ್ಳಿ ಸುಂದರಮ್ಮ ಮೊದಲಾದವರು ಆ ಕಂಪನಿಯ ರಂಗದ ಮೇಲೆ ನಿಂತು, ರಾತ್ರಿಯ ಆಟಗಳಲ್ಲಿ ಸಾವಿರಾರು ಜನರನ್ನು ಅಳಿಸಿ ನಗಿಸಿದರು. ಆ ವೀರಣ್ಣನವರ ಹೆಸರಿನ ರಂಗಮಂದಿರ ತುಮಕೂರಿನಲ್ಲಿದೆ. ಕನ್ನಡ ನಾಟಕ ಚರಿತ್ರೆಯನ್ನು ಪಠ್ಯವಾಗಿ ಓದುವ ನಮ್ಮ ಹುಡುಗಿ ಅಲ್ಲಿ ಸಂಜೆಯ ಒಂದು ನಾಟಕವನ್ನೂ ಕೊನೆಯವರೆಗೆ ನೋಡಿಲ್ಲ. ಗುಬ್ಬಿ ಕಂಪನಿಯ ಮೇಲೆ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆಯುತ್ತಾಳೆ. ಪರದೆ ಏಳುವ ಹೊತ್ತಿಗೆ ಅವಳ ಗೇಟಿಗೆ ಬೀಗ ಬೀಳುತ್ತದೆ.

"ಎಲ್ಲ ಸರಿ ಮೇಷ್ಟ್ರೇ, ಕಾಲ ಕೆಟ್ಟಿದೆ. ನಾಳೆ ಏನಾದರೂ ಆದರೆ ಹೊಣೆ ಯಾರು?" ಎಂದು ಕೇಳುವವರುಂಟು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ನಡೆದದ್ದೊಂದನ್ನು ಹೇಳುತ್ತೇನೆ.

ಕಳೆದ ಸಂಕ್ರಾಂತಿಗೆ ಊರಿಗೆ ಬಂದಿದ್ದ ಈ ಹುಡುಗಿ ಹಬ್ಬ ಮುಗಿಸಿ ಮಧ್ಯಾಹ್ನವೇ ಹೊರಟಳು. ಕುಣಿಗಲ್ಲಿನಲ್ಲಿ ಹತ್ತಿದ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬಂದು, ಅದರಲ್ಲಿ ನಿಂತು ಪ್ರಯಾಣ ಮಾಡಿ, ನಿಲಯದ ಗೇಟು ಮುಟ್ಟಿದಾಗ ಏಳು ಗಂಟೆಗೆ ಹತ್ತು ನಿಮಿಷ. ಗೇಟಿಗೆ ಬೀಗ. ಕಾವಲಿನವನು ವಯಸ್ಸಾದವನು, ಒಳ್ಳೆಯವನು; ಆದರೆ ಕೀಲಿ ಅವನ ಬಳಿ ಇಲ್ಲ. ಕೀಲಿ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರು. ಕೈಯಲ್ಲೊಂದು ಚೀಲ, ಚೀಲದಲ್ಲಿ ಗೆಳತಿಯರಿಗೆಂದು ತಂದ ಎಳ್ಳು ಬೆಲ್ಲ. ಚಳಿಗಾಲದ ಕತ್ತಲೆಯಲ್ಲಿ ಒಂದು ಗಂಟೆ ಕಾಲ ಬೀದಿ ದೀಪದ ಕೆಳಗೆ ನಿಂತಳು. ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ಮೂರು ಸಲ ಅದೇ ಬೀದಿಯಲ್ಲಿ ಸುತ್ತಿದರಂತೆ. ಕಾವಲಿನ ಮುದುಕ ತನ್ನ ಕುರ್ಚಿಯನ್ನು ಗೇಟಿನ ಸರಳಿಗೆ ತಾಗಿಸಿಕೊಂಡು, "ನಾನಿದ್ದೀನಿ ಕಣವ್ವ, ಹೆದರ್ಕೋಬೇಡ" ಎನ್ನುತ್ತ ಒಳಗಡೆ ಕುಳಿತಿದ್ದ. ಎಂಟು ಗಂಟೆಯ ಮೇಲೆ ಬಾಗಿಲು ತೆರೆಯಿತು; ತಪ್ಪೊಪ್ಪಿಗೆಯ ಮುಚ್ಚಳಿಕೆ ಬರೆಸಿಕೊಂಡು ಒಳಗೆ ಬಿಟ್ಟರು.

ಹೆಣ್ಣುಮಗಳನ್ನು ಬೀದಿಯ ಅಪಾಯದಿಂದ ಕಾಪಾಡಲೆಂದು ಹಾಕಿದ ಬೀಗ ಅವಳನ್ನು ಅದೇ ಬೀದಿಯಲ್ಲಿ ಒಂದು ಗಂಟೆ ನಿಲ್ಲಿಸಿತು. ಕ್ಷೇಮವೇ ಉದ್ದೇಶವಾಗಿದ್ದರೆ, ತಡವಾಗಿ ಬಂದವಳಿಗೆ ಮೊದಲು ಗೇಟು ತೆರೆಯಬೇಕು. ಕಾರಣವನ್ನು ಬೆಳಿಗ್ಗೆ ಕೇಳಬಹುದು. ಈ ಒಂದು ಪರೀಕ್ಷೆ ಸಾಕು. ತಡವಾಗಿ ಬಂದ ಹುಡುಗಿಗೆ ಬಾಗಿಲು ತೆರೆಯುವ ನಿಯಮ ರಕ್ಷಣೆಯ ನಿಯಮ. ಬಾಗಿಲು ಮುಚ್ಚುವ ನಿಯಮ ಶಿಕ್ಷೆಯ ನಿಯಮ. ಹೆಸರೇನೇ ಇಟ್ಟುಕೊಳ್ಳಲಿ.

ಬೀದಿ ಅಪಾಯವೆಂಬುದು ನಿಜವಾದರೆ ಬೀದಿಗೆ ದೀಪ ಹಾಕಿಸಲಿ. ಪೊಲೀಸರ ಗಸ್ತು ಕೇಳಲಿ. ಗ್ರಂಥಾಲಯದಿಂದ ನಿಲಯಕ್ಕೆ ರಾತ್ರಿ ಎಂಟೂವರೆಗೆ ಕಾಲೇಜಿನ ವ್ಯಾನು ಓಡಿಸಲಿ. ಇದಕ್ಕೆಲ್ಲ ಹಣ ಬೇಕು, ಓಡಾಟ ಬೇಕು. ಬೀಗಕ್ಕೆ ಇನ್ನೂರು ರೂಪಾಯಿ ಸಾಕು. ನಮ್ಮ ನೀತಿಬೋಧೆಯ ಬೆಲೆ ಆ ಇನ್ನೂರು ರೂಪಾಯಿ. ಪೀಡಿಸುವವನು ಹೊರಗೆ ಸ್ವತಂತ್ರನಾಗಿ ಅಲೆಯಲು, ಪೀಡೆಗೊಳಗಾಗಬಹುದಾದವಳು ಒಳಗೆ ಬಂದಿಯಾಗಬೇಕೆಂಬುದು ಯಾವ ನ್ಯಾಯ? ಮನೆಗೆ ಕಳ್ಳ ಬಂದರೆ ಮನೆಯವರನ್ನು ಸೆರೆಮನೆಗೆ ಕಳಿಸುತ್ತಾರೆಯೇ?

ಎರಡನೆಯ ಆಕ್ಷೇಪಣೆ ತಂದೆತಾಯಿಗಳದು. "ಇಷ್ಟು ಬಿಗಿಯಿದೆ ಎಂದೇ ನಾವು ಹಳ್ಳಿಯಿಂದ ಹೆಣ್ಣುಮಕ್ಕಳನ್ನು ಕಳಿಸುತ್ತೇವೆ. ಸಡಿಲ ಮಾಡಿದರೆ ಓದು ಬಿಡಿಸಿ ಮದುವೆ ಮಾಡುತ್ತೇವೆ." ಈ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮೂರ ಜಗಲಿಗಳಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೇನೆ. ಆ ಭಯ ಸುಳ್ಳಲ್ಲ. ಹೊಲ ಅಡವಿಟ್ಟು ಮಗಳನ್ನು ಓದಿಸುವ ತಾಯಿಯ ಎದೆಬಡಿತ ಅದು. ಆದರೆ ತಾಯಿಗೆ ಬೇಕಾದದ್ದು ಮಗಳು ಕ್ಷೇಮವಾಗಿದ್ದಾಳೆಂಬ ಭರವಸೆ. ಬೀಗ ಆ ಭರವಸೆಯ ಅಗ್ಗದ ನಕಲು. ಸಂಕ್ರಾಂತಿಯ ರಾತ್ರಿ ನಡೆದದ್ದನ್ನು ಈ ಹುಡುಗಿ ತನ್ನ ತಾಯಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಓದು ನಿಲ್ಲಿಸುತ್ತಾರೆಂದು ಭಯ. ಹೀಗೆ ಬಿಗಿ ನಿಯಮ ಮಕ್ಕಳಿಗೆ ಸುಳ್ಳನ್ನು ಕಲಿಸುತ್ತದೆ. ಇಲ್ಲದ ಅಜ್ಜಿಗೆ ಕಾಯಿಲೆ ಬರಿಸಿ, ಅತ್ತೆಯ ಮಗಳಿಗೆ ವರ್ಷಕ್ಕೆ ಮೂರು ಸಲ ನಿಶ್ಚಿತಾರ್ಥ ಮಾಡಿಸಿ ಬರೆದ ರಜಾ ಅರ್ಜಿಗಳನ್ನು ನಾನು ಹನ್ನೊಂದು ವರ್ಷ ಓದಿದ್ದೇನೆ. ನಿಜ ಹೇಳಿದವನಿಗೆ ರಜೆ ಸಿಕ್ಕುತ್ತಿರಲಿಲ್ಲ.

ಕಾನೂನೇನು ಹೇಳುತ್ತದೆ ಎಂಬುದನ್ನೂ ನೋಡೋಣ. ಈ ದೇಶದಲ್ಲಿ ಹದಿನೆಂಟು ತುಂಬಿದವರು ವಯಸ್ಕರೆಂದು ೧೮೭೫ರ ಕಾಯಿದೆ ಹೇಳುತ್ತದೆ. ಅದು ಬ್ರಿಟಿಷರ ಕಾಲದ್ದು. ಸಂವಿಧಾನದ ೬೧ನೆಯ ತಿದ್ದುಪಡಿಯಿಂದ ೧೯೮೯ರಲ್ಲಿ ಹದಿನೆಂಟು ವರ್ಷದವರಿಗೆ ಮತದ ಹಕ್ಕೂ ಬಂತು. ಆ ವರ್ಷದ ನವೆಂಬರ್ ಚುನಾವಣೆಯಲ್ಲಿ ನಾನು ಮತಗಟ್ಟೆಯ ಅಧಿಕಾರಿ. ಮೊದಲ ಸಲ ಸಾಲಿನಲ್ಲಿ ನಿಂತ ಹುಡುಗ ಹುಡುಗಿಯರ ಬೆರಳಿಗೆ ಮೈಸೂರಿನ ಶಾಯಿ ಹಚ್ಚಿಸಿ, ದೆಹಲಿಗೂ ಬೆಂಗಳೂರಿಗೂ ಸರ್ಕಾರ ಆರಿಸಲು ಒಳಗೆ ಬಿಟ್ಟೆ. ಎರಡು ದಿನದ ಮೇಲೆ ಹಾಸ್ಟೆಲಿಗೆ ಹಿಂದಿರುಗಿ, ಬೆರಳಿನ ಶಾಯಿ ಇನ್ನೂ ಮಾಸದ ಹುಡುಗನೊಬ್ಬನಿಗೆ, ಸಿನಿಮಾಕ್ಕೆ ಹೋಗಲು ಅಪ್ಪನ ಪತ್ರ ತಾ ಎಂದೆ. ಅಂದು ನನಗೆ ಅದರಲ್ಲಿ ಏನೂ ವಿಪರ್ಯಾಸ ಕಾಣಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಮಾತಿಗೆ ಎಡೆಯೇ ಇಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಯಲು ಧನಸಹಾಯ ಆಯೋಗ ಮಾಡಿದ, ೨೦೧೬ರಲ್ಲಿ ರಾಜಪತ್ರದಲ್ಲಿ ಪ್ರಕಟವಾದ ನಿಯಮಾವಳಿ ಸ್ಪಷ್ಟವಾಗಿದೆ: ರಕ್ಷಣೆಯ ನೆಪ ಹೇಳಿ ಗಂಡುಮಕ್ಕಳಿಗಿಲ್ಲದ ಭೇದದ ಕಟ್ಟಳೆಗಳನ್ನು ವಿದ್ಯಾರ್ಥಿನಿಯರ ನಿಲಯಗಳಲ್ಲಿ ಹೇರಬಾರದು, ಅವರ ಓಡಾಟದ ಸ್ವಾತಂತ್ರ್ಯ ಕತ್ತರಿಸಬಾರದು. ನೆರೆಯ ಕೇರಳದಲ್ಲಿ ವಿದ್ಯಾರ್ಥಿನಿಯರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ತ್ರಿಶೂರಿನ ಕಾಲೇಜೊಂದರ ನಿಲಯದ ಕಟ್ಟಳೆಗಳನ್ನು ಕುರಿತು ೨೦೧೯ರಲ್ಲಿ ತೀರ್ಪು ಕೊಟ್ಟ ಅಲ್ಲಿನ ಉಚ್ಚ ನ್ಯಾಯಾಲಯ, ಆಡಳಿತದವರ ನೈತಿಕ ಅಭಿರುಚಿಯನ್ನು ನಿವಾಸಿಗಳ ಮೇಲೆ ಹೇರುವಂತಿಲ್ಲ, ಹುಡುಗರಿಗಿರುವ ಸ್ವಾತಂತ್ರ್ಯ ಹುಡುಗಿಯರಿಗೂ ಉಂಟು ಎಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇನ್ನೊಂದು ಮೊಕದ್ದಮೆ. ಕೋಳಿಕ್ಕೋಡ್ ಜಿಲ್ಲೆಯ ವಿದ್ಯಾರ್ಥಿನಿಯೊಬ್ಬಳು ಸಂಜೆ ಆರರಿಂದ ಹತ್ತರವರೆಗೆ ಮೊಬೈಲ್ ಒಪ್ಪಿಸಲು ನಿರಾಕರಿಸಿ ಹಾಸ್ಟೆಲಿನಿಂದ ಹೊರಬಿದ್ದಿದ್ದಳು. ಅಂತರ್ಜಾಲದ ಬಳಕೆ ವಿದ್ಯೆಯ ಹಕ್ಕಿಗೂ ಖಾಸಗಿತನದ ಹಕ್ಕಿಗೂ ಸೇರಿದ್ದೆಂದು ಹೇಳಿ, ಅವಳನ್ನು ಮರಳಿ ಸೇರಿಸಿಕೊಳ್ಳುವಂತೆ ನ್ಯಾಯಾಲಯ ಆಜ್ಞೆ ಮಾಡಿತು. ೨೦೨೨ರಲ್ಲಿ ಕೋಳಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಹುಡುಗಿಯರು ಒಂಬತ್ತೂವರೆಯ ಬೀಗದ ವಿರುದ್ಧ ಎದ್ದ ಮೇಲೆ, ಗಂಡು ಹೆಣ್ಣೆಂಬ ಭೇದವಿಲ್ಲದ ಆದೇಶವನ್ನು ಸರ್ಕಾರವೇ ಹೊರಡಿಸಬೇಕಾಯಿತು. ಅವರು ಒಂಬತ್ತೂವರೆಗೆ ತಕರಾರು ತೆಗೆದರು. ನಾವಿನ್ನೂ ಆರೂವರೆಯಲ್ಲಿದ್ದೇವೆ.

ಇದು ನಮ್ಮ ದೇಶದ ರೋಗವೊಂದೇ ಅಲ್ಲ. ವಿದ್ಯಾರ್ಥಿಗೆ ಕಾಲೇಜೇ ತಂದೆತಾಯಿ ಎಂಬ ಸಿದ್ಧಾಂತ ನಮಗೆ ಬಂದದ್ದೇ ಇಂಗ್ಲಿಷರಿಂದ. ಅವರ ನಾಡಿನಲ್ಲಿ ೧೯೭೦ರಿಂದ ವಯಸ್ಕರಾಗುವ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಆಗ ಆ ಸಿದ್ಧಾಂತದ ಬುಡವೇ ಅಲುಗಿತು. ಅಮೆರಿಕದಲ್ಲಿ ಅದಕ್ಕೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ೧೯೬೧ರಲ್ಲಿ. ಕರಿಯರಿಗೆ ಪ್ರವೇಶವಿಲ್ಲದ ಊಟದ ಅಂಗಡಿಯಲ್ಲಿ ಕುಳಿತು ಪ್ರತಿಭಟಿಸಿದ ವಿದ್ಯಾರ್ಥಿಗಳನ್ನು ಅಲಬಾಮದ ಕಾಲೇಜೊಂದು ಒಂದು ಮಾತೂ ಕೇಳದೆ ಹೊರಹಾಕಿತ್ತು. ತಿಳುವಳಿಕೆ ಪತ್ರ ಕೊಡದೆ, ಅವರ ಮಾತು ಕೇಳದೆ ಹೊರಹಾಕುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಕಲಿಸಿದವರೇ ಬಿಟ್ಟ ಪಾಠವನ್ನು ನಾವು ಕಂಠಪಾಠ ಮಾಡುತ್ತಿದ್ದೇವೆ.

"ಮಾತು ಕೇಳದೆ ಹೊರಹಾಕುವಂತಿಲ್ಲ": ಈ ವಾಕ್ಯ ನನ್ನನ್ನು ಕುಟುಕುತ್ತದೆ. ಮೇಲೆ ಹೇಳಿದ ಚುನಾವಣೆಯ ಮರುವರ್ಷ ನನ್ನ ಹಾಸ್ಟೆಲಿನ ಒಬ್ಬ ಹುಡುಗ ಮೂರು ರಾತ್ರಿ ಹಾಜರಿಗೆ ಸಿಕ್ಕಲಿಲ್ಲ. ನಾಲ್ಕನೆಯ ಬೆಳಿಗ್ಗೆ ಕರೆಸಿದೆ. "ಸಾರ್, ಒಂದು ಮಾತು" ಎಂದ. ನಿಯಮ ಓದಿ ಹೇಳಿ, "ಮಾತು ಬೇಡ, ಟ್ರಂಕು ತಗೊಂಡು ಹೊರಡು" ಎಂದೆ. ನನ್ನ ಗಟ್ಟಿತನವನ್ನು ಪ್ರಾಂಶುಪಾಲರು ಮೆಚ್ಚಿಕೊಂಡರು. ಹತ್ತು ದಿನದ ಮೇಲೆ ಅಡಿಗೆಯವರು ಸೌದೆಯ ಲೆಕ್ಕ ಕೊಡುತ್ತ, "ಆ ಹುಡುಗ ರಾತ್ರಿ ಪ್ರೆಸ್ಸಿನಲ್ಲಿ ಹಾಳೆ ಮಡಿಸೋ ಕೆಲಸಕ್ಕೆ ಹೋಗ್ತಿದ್ದ ಸಾಮಿ, ಅವರಪ್ಪ ಹಾಸಿಗೆ ಹಿಡಿದಿದ್ದಾನೆ" ಎಂದರು. ಅಡಿಗೆಯವರಿಗೆ ಗೊತ್ತಿತ್ತು, ಕೋಣೆಯ ಮೂವರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವನು ಅವನ ಪೋಷಕನ ಸ್ಥಾನದಲ್ಲಿದ್ದ ನಾನೊಬ್ಬನೇ. ಊರಿನ ವಿಳಾಸಕ್ಕೆ ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ. ಅವನು ಕಾಲೇಜಿಗೂ ಮರಳಲಿಲ್ಲ. ನಿಯಮವನ್ನು ನಾನು ತಪ್ಪಾಗಿ ಓದಿರಲಿಲ್ಲ, ಅಕ್ಷರಶಃ ಪಾಲಿಸಿದ್ದೆ. ಕೆಟ್ಟ ನಿಯಮದ ಅಪಾಯವೇ ಅದು: ಅದನ್ನು ಪಾಲಿಸಿದ ಒಳ್ಳೆಯ ಮನುಷ್ಯ ತನ್ನನ್ನು ಒಳ್ಳೆಯವನೆಂದೇ ತಿಳಿದುಕೊಂಡು ನಿದ್ದೆ ಮಾಡುತ್ತಾನೆ.

ಬರಿಯ ನಿಂದೆಯಿಂದ ಪ್ರಯೋಜನವಿಲ್ಲ. ಏನು ಮಾಡಬೇಕೆಂಬುದನ್ನೂ ಹೇಳಬೇಕು. ಮೂವತ್ತೊಂದು ನಿಯಮ ಬೇಡ, ಹತ್ತು ಸಾಕು. ಮೊದಲನೆಯದು, ಹುಡುಗರಿಗೂ ಹುಡುಗಿಯರಿಗೂ ಗೇಟಿನ ಹೊತ್ತು ಒಂದೇ ಇರಲಿ. ಎರಡನೆಯದು, ತಡವಾಗಿ ಬಂದವರಿಗೆ ಯಾವ ಹೊತ್ತಿನಲ್ಲಿಯೂ ಗೇಟು ತೆರೆಯಲಿ, ಕೀಲಿ ಕಾವಲಿನವನ ಕೈಯಲ್ಲಿರಲಿ. ಮೂರನೆಯದು, ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ಪುಸ್ತಕದಲ್ಲಿ ಬರೆದು ಹೋಗಲಿ. ಅದು ಅನುಮತಿ ಬೇಡುವ ಅರ್ಜಿಯಲ್ಲ, ಬರದಿದ್ದರೆ ಹುಡುಕಲು ಒಂದು ಗುರುತು. ನಾಲ್ಕನೆಯದು, ನಿಯಮ ಮಾಡುವ ಸಮಿತಿಯಲ್ಲಿ ಅರ್ಧ ಮಂದಿ ಅಲ್ಲಿ ವಾಸಿಸುವವರೇ ಇರಲಿ. ಐದನೆಯದು, ಮಾತು ಕೇಳದೆ ಯಾರನ್ನೂ ಹೊರಹಾಕತಕ್ಕದ್ದಲ್ಲ.

ಉಳಿದ ಐದು ನಿಯಮಗಳು ವಾರ್ಡನ್ನನಿಗೂ ಆಡಳಿತ ವರ್ಗಕ್ಕೂ ಅನ್ವಯಿಸಲಿ. ಆ ನಾಲ್ಕು ಹಾಳೆಗಳಲ್ಲಿ ವಿದ್ಯಾರ್ಥಿನಿ ಏನು ಮಾಡಬೇಕೆಂದು ಮೂವತ್ತೊಂದು ಕಡೆ ಇತ್ತು. ನಿಲಯ ಅವಳಿಗೆ ಏನು ಕೊಡಬೇಕೆಂದು ಒಂದು ಕಡೆಯೂ ಇರಲಿಲ್ಲ. ಕುಡಿಯುವ ನೀರು ದಿನವೆಲ್ಲ ಇರತಕ್ಕದ್ದು. ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ಇರತಕ್ಕದ್ದು. ಕಕ್ಕಸುಗಳ ಚಿಲಕ ಸರಿಯಾಗಿರತಕ್ಕದ್ದು. ಮೆಸ್ಸಿನ ಲೆಕ್ಕವನ್ನು ತಿಂಗಳಿಗೊಮ್ಮೆ ಗೋಡೆಗೆ ಹಚ್ಚತಕ್ಕದ್ದು. ಒಂಟಿಯಾಗಿಯಾಗಲಿ ಗುಂಪಾಗಿಯಾಗಲಿ ಬಂದ ದೂರಿಗೆ ವಾರದೊಳಗೆ ಬರಹದಲ್ಲಿ ಉತ್ತರ ಕೊಡತಕ್ಕದ್ದು. 'ತಕ್ಕದ್ದು' ಎಂಬ ಮಾತು ಎರಡು ಕಡೆಗೂ ತಾಗಿದಾಗ ಅದು ನಿಯಮ. ಒಂದೇ ಕಡೆಗೆ ತಾಗಿದರೆ ಅದು ದೊಣ್ಣೆ.

ನಮ್ಮ ಕುಣಿಗಲ್ಲಿಗೆ ಹೆಸರು ತಂದದ್ದು ಅಲ್ಲಿಯ ಕುದುರೆ ಫಾರಂ. ಪಂದ್ಯದಲ್ಲಿ ಓಡಬೇಕಾದ ಮರಿಯನ್ನು ಅಲ್ಲಿ ಯಾರೂ ಹಗಲಿರುಳೂ ಲಾಯದಲ್ಲಿ ಕಟ್ಟಿ ಬೆಳೆಸುವುದಿಲ್ಲ. ಬೇಲಿ ಉಂಟು, ಆದರೆ ಬೇಲಿಯೊಳಗೆ ಓಡಲು ಬಯಲೂ ಉಂಟು. ಕುದುರೆ ಸಾಕುವವರಿಗೆ ತಿಳಿದದ್ದು ಮಕ್ಕಳನ್ನು ಓದಿಸುವವರಿಗೆ ತಿಳಿಯದೆ ಹೋಯಿತೇ?

ಆ ಭಾನುವಾರ ನಾನು ರುಜು ಹಾಕಿದೆನೇ ಎಂದು ವಾಚಕರು ಕೇಳಬಹುದು. ಹಾಕಿದೆ. ಹಾಕದಿದ್ದರೆ ಅವಳ ರೂಮು ಹೋಗುತ್ತಿತ್ತು. ರೂಮು ಹೋದರೆ ಓದು ಹೋಗುತ್ತಿತ್ತು. ಆದರೆ ರುಜುವಿನ ಕೆಳಗೆ ಎರಡು ಸಾಲು ಬರೆದೆ: "ಈ ಹುಡುಗಿ ವಯಸ್ಕಳು, ಇವಳ ಮಾತನ್ನು ನಾನು ನಂಬುತ್ತೇನೆ. ತಡವಾಗಿ ಬಂದರೆ ದಯವಿಟ್ಟು ಮೊದಲು ಗೇಟು ತೆರೆಯಿರಿ, ಆಮೇಲೆ ನನಗೆ ಫೋನು ಮಾಡಿ." ಅವಳು ಓದಿ, "ತಾತ, ಹೀಗೆಲ್ಲ ಬರೆದ್ರೆ ಅವರು ನನ್ನ ಮೇಲೆ ಕಣ್ಣಿಡ್ತಾರೆ" ಎಂದು ಹಿಂಜರಿದಳು. ಸ್ವಲ್ಪ ಹೊತ್ತು ಯೋಚಿಸಿ, ಹಾಳೆಗಳನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು, "ಇರಲಿ ಬಿಡಿ" ಎಂದು ಬಸ್ಸಿಗೆ ಹೊರಟಳು.

ಆ ಎರಡು ಸಾಲಿಗೆ ಕಾಲೇಜಿನಿಂದ ಈವರೆಗೆ ಉತ್ತರ ಬಂದಿಲ್ಲ. ಈ ಲೇಖನ ಓದುವ ಪೋಷಕರಲ್ಲಿ ಒಂದು ಕೋರಿಕೆ. ನಿಮ್ಮ ಮುಂದೆಯೂ ಇಂಥ ಹಾಳೆಗಳು ಬರುತ್ತವೆ. ರುಜು ಹಾಕುವ ಮುನ್ನ ಓದಿ. ಓದಿದ ಮೇಲೆ ನೀವೂ ಎರಡು ಸಾಲು ಬರೆಯಿರಿ. ಒಬ್ಬ ಮುದುಕ ಬರೆದರೆ ಕಡತದಲ್ಲಿ ಮುಚ್ಚಿಹೋಗುತ್ತದೆ. ಇನ್ನೂರು ತಾಯಂದಿರು ಬರೆದರೆ ಯಾವ ಆಡಳಿತ ವರ್ಗವೂ ಅದನ್ನು ಕಡತದಲ್ಲಿ ಮುಚ್ಚಿಡಲಾರದು.